ಚೊಂಬು ಹಿಡಿದು ಸಾಹುಕಾರರ ಬಾಗಿಲಿಗೆ

ಆಗೆಲ್ಲ ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ರೇಷ್ಮೆಗೂಡು ಬೇಯುವ ವಾಸನೆಯಿಲ್ಲದೆ ಬೆಳಗಾಗುತ್ತಿರಲಿಲ್ಲ. ನೂಲು ತೆಗೆಯುವ ಶೆಡ್ಡಿನ ಹಿಂದೆ ಸಾಹುಕಾರರು ಕೆಲಸಗಾರರಿಗೆಂದು ಕಟ್ಟಿಸಿದ್ದ ಲೈನ್ ಮನೆಗಳಲ್ಲಿ ನಮ್ಮದೂ ಒಂದು. ಒಂದೇ ಕೋಣೆ, ಅಲ್ಲೇ ಒಲೆ, ಅಲ್ಲೇ ಹಾಸಿಗೆ. ಪಕ್ಕದ ಮನೆಯ ಮಾದೇವಮ್ಮ ಒಗ್ಗರಣೆ ಹಾಕಿದರೆ ನಮಗೆ ಸೀನು. ಮನೆಗಳ ಮುಂದಿನ ಓಣಿಯಲ್ಲಿ ನಾವು ಕುಂಟಾಬಿಲ್ಲೆ ಆಡುವಾಗ ಯಾರಾದರೂ ಕೊಡ ಹೊತ್ತು ಬಂದರೆ ಒಂಟಿಕಾಲಲ್ಲೇ ಗೋಡೆಗೆ ಒತ್ತಿಕೊಳ್ಳಬೇಕಿತ್ತು.

ಇಡೀ ಲೈನಿಗೆ ಇದ್ದದ್ದು ಒಂದೇ ಕಕ್ಕಸು. ಆ ಮಳೆಗಾಲದಲ್ಲಿ ಅದರ ಗುಂಡಿ ಕುಸಿದು ಗೋಡೆಯೂ ಬಿತ್ತು. ಹೆಂಗಸರು ಬೆಳಕು ಹರಿಯುವ ಮೊದಲೇ ಗುಂಪಾಗಿ ಬಯಲಿಗೆ ಹೋಗಿ ಬರುತ್ತಿದ್ದರು. ಆಮೇಲೆ ಹಗಲೆಲ್ಲ ತಡೆದುಕೊಳ್ಳಬೇಕು. ಸಾಹುಕಾರರು ಮೊದಲು "ಮಳೆ ನಿಲ್ಲಲಿ" ಅಂದರು. ಮಳೆ ನಿಂತ ಮೇಲೆ "ಗಾರೆಯವರು ಸಿಗಲಿ" ಅಂದರು.

ಚಿಕ್ಕಪ್ಪನನ್ನು ಮದುವೆಯಾಗಿ ಧನಗೆರೆಯಿಂದ ಬಂದಿದ್ದ ಜಯಚಿಕ್ಕಮ್ಮ ಆಗ ಬಸುರಿ. ಅಮ್ಮನ ಪಕ್ಕದಲ್ಲೇ ಬಿಸಿನೀರಿನ ತೊಟ್ಟಿಯ ಮುಂದೆ ಕೂತು ಅವಳೂ ಎಳೆ ತೆಗೆಯುತ್ತಿದ್ದಳು. ಬರಬರುತ್ತಾ ನೀರು ಕುಡಿಯುವುದನ್ನೇ ಬಿಟ್ಟಳು.

"ವಸಿ ಮಜ್ಜಿಗೆನಾರಾ ಕುಡಿ ಕಣೆ," ಎಂದು ಅಮ್ಮ ಗದರುತ್ತಿದ್ದಳು.

"ಕುಡುದ್ರೆ ಎಲ್ಲಿಗಕ್ಕ ಓಗದು?"

ಒಂದು ಮಧ್ಯಾಹ್ನ ಅವಳು ತೊಟ್ಟಿಯ ಪಕ್ಕದಲ್ಲೇ ಕುಸಿದು ಬಿದ್ದಳು. ಓಣಿಯವರೆಲ್ಲ ಸೇರಿ ಆಸ್ಪತ್ರೆಗೆ ಹೊತ್ತೊಯ್ದರು. ಅವಳ ಚಪ್ಪಲಿ ಎದೆಗೊತ್ತಿಕೊಂಡು ನಾನು ಹಿಂದೆ ಓಡಿದೆ. ಮೂತ್ರದ ಸೋಂಕು ಏರಿದೆ, ತಡಮಾಡಿದ್ದರೆ ಮಗುವಿಗೂ ಕುತ್ತಾಗುತ್ತಿತ್ತು ಎಂದು ಡಾಕ್ಟರು ಬೈದರು.

ಮರುದಿನ ಬೆಳಿಗ್ಗೆ ಮಾದೇವಮ್ಮ ಕೈಯಲ್ಲಿ ನೀರಿನ ಚೊಂಬು ಹಿಡಿದು ಮನೆಮನೆಯ ಕದ ತಟ್ಟಿದಳು. "ಚೊಂಬು ತಕಳ್ರವ್ವ. ಸಾವ್ಕಾರ್ರ ಮನೆಗೋಗವ."

ಲೈನಿನ ಹೆಂಗಸರೆಲ್ಲ ಹೊರಟರು. ನಾನು ಅಮ್ಮನ ಸೆರಗು ಹಿಡಿದು ನಡೆದೆ. ಸಾಹುಕಾರರು ಜಗುಲಿಯಲ್ಲಿ ಯಾರೋ ವ್ಯಾಪಾರಿಯ ಜೊತೆ ಕಾಫಿ ಕುಡಿಯುತ್ತಿದ್ದರು.

"ಏನಿದು?"

"ನಮ್ ಕಕ್ಕಸು ಬಿದ್ದೋಗದೆ ಸಾ," ಮಾದೇವಮ್ಮನ ದನಿ ಏರಲಿಲ್ಲ. "ನೀವು ಕಟ್ಸೋಗಂಟ ನಿಮ್ಮದ್ಕೇ ಬತ್ತೀವಿ. ದಿನಾ."

ನಾಳೆಯಿಂದ ಯಾರಿಗೂ ಕೆಲಸವಿಲ್ಲ ಎಂದು ಅವರು ಕೂಗಾಡಿದರು. ಆದರೆ ಒಬ್ಬರೂ ಕದಲಲಿಲ್ಲ. ಅಷ್ಟರಲ್ಲಿ ಸಾಹುಕಾರರ ಹೆಂಡತಿ ಹೊರಗೆ ಬಂದರು.

"ನೆನ್ನೆ ಬಿದ್ದೋಳು ಬಸುರಿಯಂತಲ್ಲ, ಎಂಗಿದಾಳೆ?" ಎಂದು ಕೇಳಿದರು. ಅಮ್ಮ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಗಂಡನ ಮುಖವನ್ನೂ ನೋಡದೆ ಹಿತ್ತಿಲಿಗೆ ಹೋಗುವ ಪಕ್ಕದ ಗೇಟಿನ ಚಿಲಕ ತೆಗೆದರು. "ಈ ಕಡೆಯಿಂದ ಬನ್ನಿ. ಒಬ್ಬೊಬ್ರೇ."

ಸಾಹುಕಾರರು ಲೋಟ ಅಲ್ಲೇ ಇಟ್ಟು ಒಳಗೆ ಹೋದರು. ಯಾರ ಕೆಲಸವೂ ಹೋಗಲಿಲ್ಲ. ಅದೇ ವಾರ ಗಾರೆಯವರು ಸಿಕ್ಕರು. ಚಿಲಕವಿರುವ ಎರಡು ಕಕ್ಕಸು ಎದ್ದವು. ಚಿಕ್ಕಮ್ಮನಿಗೆ ತವರಿನಲ್ಲಿ ಹೆಣ್ಣುಮಗು ಹುಟ್ಟಿತು. ಆದರೆ ಅವಳು ಮತ್ತೆ ಲೈನಿಗೆ ಕಾಲಿಡಲಿಲ್ಲ. ಚಿಕ್ಕಪ್ಪನೇ ಧನಗೆರೆಗೆ ಹೋಗಿ ನಿಂತ.

ಈಗ ಆ ಲೈನಿಲ್ಲ. ಅದೇ ಊರಿನ ಬಡಾವಣೆಯೊಂದರಲ್ಲಿ ನನ್ನ ಮನೆಯಿದೆ, ಕೋಣೆಗೊಂದು ಬಚ್ಚಲಿದೆ. ಹಳೆಯ ಆ ಒಂದು ಕೋಣೆಗೆ ವಾಪಸ್ ಹೋಗು ಎಂದರೆ ಖಂಡಿತ ಒಲ್ಲೆ. ಆದರೂ ಹೋದ ತಿಂಗಳು ಜ್ವರದಲ್ಲಿ ಒಬ್ಬಳೇ ಮಲಗಿದ್ದಾಗ ಕಾಂಪೌಂಡಿನಾಚೆ ಯಾರದೋ ಮಿಕ್ಸಿ ತಿರುಗುತ್ತಿತ್ತು. ಕೂಗಿ ಕರೆಯೋಣವೆಂದರೆ ಅವರ ಹೆಸರೇ ಗೊತ್ತಿರಲಿಲ್ಲ. ಎದ್ದು ಕೂತೆ, ಮಲಗಿದೆ, ಮತ್ತೆ ಎದ್ದು ಕೂತೆ.

ಮೊನ್ನೆ ಚಿಕ್ಕಮ್ಮನನ್ನು ಕೇಳಿದೆ, ಅವತ್ತು ನಿನ್ನನ್ನು ಎತ್ತಿಕೊಂಡು ಹೋದವರು ಯಾರು ಅಂತ.

"ಯಾರು ಅಂತ ಏಳ್ಲಿ ಕಣವ್ವ," ಅಂದಳು. "ಎಲ್ಲಾರೂ ಇದ್ರು."