ಕೌಪ್ ಬಸ್ಸಿಗೆ ಯಾರೂ ಏಳಲಿಲ್ಲ

ಮೊನ್ನೆ ರೇಷನ್ ಕಾರ್ಡು ಹುಡುಕುತ್ತಾ ಟ್ರಂಕಿನ ತಳ ಮುಟ್ಟಿದಾಗ ನುಸಿಗುಳಿಗೆಯ ವಾಸನೆಯ ಜೊತೆ ಹಳೆಯ ರಟ್ಟೊಂದು ಕೈಗೆ ಬಂತು. ನನ್ನದೇ ದುಂಡನೆಯ ಅಕ್ಷರ, ಜಂಬದಿಂದ ಕೂತಿದೆ: ಕೌಪ್, ಕರ್ಕಲ್, ಮನಿಪಲ್, ಅಜೇಕರ್. ಪ್ರತಿ ಹೆಸರಿನ ಮೇಲೂ ಕೆಂಪು ಪೆನ್ಸಿಲ್ಲಿನ ಗೀಟು. ಗೀಟೆಳೆದವಳು ಗ್ರೇಸಿ. ರೇಷನ್ ಕಾರ್ಡು ಸಿಗಲಿಲ್ಲ, ನಾನೂ ಮತ್ತೆ ಹುಡುಕಲಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ಉಡುಪಿಯ ಬಸ್ ಸ್ಟ್ಯಾಂಡಿನ ಆಫೀಸಿಗೆ ನಾನು ಗುಮಾಸ್ತನಾಗಿ ಬಂದೆ. ಮೈಸೂರಿನವನು, ಕನ್ನಡ ನನ್ನ ಸ್ವಂತ ಆಸ್ತಿ ಎಂಬ ಭಾವನೆಯಿತ್ತು. ಒಂದು ಊರನ್ನೂ ಕಣ್ಣಾರೆ ಕಾಣದೆ, ಇಂಗ್ಲಿಷಿನ ಪರ್ಮಿಟ್ ಕಾಗದಗಳನ್ನು ನೋಡಿಕೊಂಡೇ ಕನ್ನಡದಲ್ಲಿ ಪಟ್ಟಿ ಮಾಡಿ ಮುಗಿಸಿದ್ದೆ. ಸ್ಟ್ಯಾಂಡಿಗೆ ಹೊಸದಾಗಿ ಮೈಕ್ ಬಂದಿತ್ತು. ಅದರಲ್ಲಿ ಬಸ್ಸುಗಳನ್ನು ಕೂಗಿ ಹೇಳಲು ಒಬ್ಬರು ಬೇಕಾಗಿತ್ತು.

ಬಂದವಳು ಕಾರ್ಕಳದ ಗ್ರೇಸಿ. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ನಮ್ಮೆದುರು ಅಚ್ಚು ಹಾಕಿದಂಥ ಕನ್ನಡ. ಈ ಕೆಲಸ ಸಿಗದಿದ್ದರೆ ಅವಳನ್ನು ಮುಂಬಯಿಯ ಚಿಕ್ಕಮ್ಮನ ಮಕ್ಕಳನ್ನು ನೋಡಿಕೊಳ್ಳಲು ಕಳಿಸುವುದೆಂದು ಮನೆಯವರು ನಿಶ್ಚಯಿಸಿದ್ದರು. "ನನಗೆ ಹೋಗ್ಲಿಕ್ಕೆ ಮನಸ್ಸಿಲ್ಲ ಸರ್," ಎಂದವಳು ಪಟ್ಟಿ ನೋಡಿ ಹುಬ್ಬೇರಿಸಿದಳು. "ಇದೆಂತ? ಈ ಊರುಗಳು ಎಲ್ಲಿ ಉಂಟು?"

"ನಿಮ್ಮ ಜಿಲ್ಲೆಯಲ್ಲೇ," ಎಂದೆ ಗತ್ತಿನಿಂದ.

ನಮ್ಮ ಬಸ್ ಮಾಲಕರ ಸಂಘದ ಅಧ್ಯಕ್ಷರೋ ಕಟ್ಟುನಿಟ್ಟಿನ ಮನುಷ್ಯ. "ಬರೆದದ್ದನ್ನು ಬರೆದ ಹಾಗೇ ಓದಬೇಕು. ಸೋಮವಾರ ಪರೀಕ್ಷೆ," ಎಂದುಬಿಟ್ಟರು. ಗ್ರೇಸಿ ರಟ್ಟನ್ನು ಕೊಂಡುಹೋದಳು. ಆ ವಾರವೆಲ್ಲ ದಿನಕ್ಕೊಂದು ಬಸ್ಸು ಹತ್ತಿ, ಪ್ರತಿ ಸ್ಟಾಪಿನಲ್ಲಿ ಇಳಿಯುವ ಹಿರಿಯರನ್ನು "ನಿಮ್ಮ ಊರಿಗೆ ಎಂತ ಹೇಳುವುದು?" ಎಂದು ಕೇಳಿದಳಂತೆ. ಕಾರಣ ಕೇಳಿದ್ದಕ್ಕೆ, "ಇಳಿಯುವವರ ಬಾಯಲ್ಲಿ ಇರುವುದೇ ಹೆಸರು, ಅಲ್ವಾ ಸರ್?" ಎಂದಳು. ನನಗೆ ನಗು ಬಂತು.

ಇಲ್ಲಿ ಒಂದು ಮಾತು ಹೇಳಬೇಕು. ಆ ಸ್ಟ್ಯಾಂಡಿನಲ್ಲಿ ಬೋರ್ಡು ನೋಡಿ ಬಸ್ಸು ಹತ್ತುವವರೇ ಇರಲಿಲ್ಲ. ಎಲ್ಲರೂ ಬೆಂಚಿನಲ್ಲಿ ಕೂತು ಹರಟುತ್ತಿದ್ದರು. ಏಜೆಂಟರ ಕೂಗಿನಲ್ಲಿ ತಮ್ಮೂರು ಕಿವಿಗೆ ಬಿದ್ದ ಕೂಡಲೇ ಮಾತನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. ಪರೀಕ್ಷೆಗೆಂದು ಆ ಸೋಮವಾರ ಏಜೆಂಟರ ಬಾಯಿಗೆ ರಜೆ ಕೊಡಲಾಗಿತ್ತು.

ಅಧ್ಯಕ್ಷರು ಪಕ್ಕದಲ್ಲೇ ನಿಂತಿದ್ದರು. ಗ್ರೇಸಿ ಓದಿದಳು: "ಕೌಪ್‌ಗೆ ಹೋಗುವ ಬಸ್ಸು ಹೊರಡಲಿದೆ." ಯಾರೂ ಏಳಲಿಲ್ಲ. "ಮನಿಪಲ್, ಅಜೇಕರ್." ಒಬ್ಬರೂ ಇಲ್ಲ. ಎರಡು ಬಸ್ಸುಗಳು ಖಾಲಿ ಹೊಟ್ಟೆಯಲ್ಲಿ ಗುಡುಗುಟ್ಟುತ್ತಿದ್ದವು, ಡ್ರೈವರುಗಳು ಹಾರ್ನ್ ಒತ್ತಿ ಒತ್ತಿ ಸೋತರು. ಅವಳು ಅಧ್ಯಕ್ಷರ ಮುಖ ನೋಡಿದಳು. ಅವರು ರಟ್ಟಿನ ಕಡೆಗೇ ಬೆರಳು ತೋರಿಸಿದರು.

ಗ್ರೇಸಿ ರಟ್ಟನ್ನು ಮೇಜಿನ ಮೇಲೆ ಕವುಚಿಹಾಕಿದಳು. ಮೈಕಿಗೆ ಬಾಯಿ ಹತ್ತಿರ ತಂದಳು. "ಕಟಪಾಡಿ, ಕಾಪೂ... ಕಾಪು! ಮಣಿಪಾಲ, ಪರ್ಕಳ, ಹಿರಿಯಡ್ಕ, ಅಜೆಕಾರೂ..."

ಬೆಂಚುಗಳೇ ಎದ್ದು ನಿಂತಂತಾಯಿತು! ಮೀನಿನ ಬುಟ್ಟಿಗಳು ತಲೆಗೇರಿದವು, ಕಾಲೇಜು ಹುಡುಗಿಯರು ಓಡಿದರು. ಅಜೆಕಾರಿಗೆ ಜವಳಿ ಕೊಂಡೊಯ್ಯುವ ಬ್ಯಾರಿ ವ್ಯಾಪಾರಿಯೊಬ್ಬರು ಗಂಟು ಹೊತ್ತುಕೊಂಡೇ ಆಫೀಸಿನ ಕಿಟಕಿಗೆ ಬಂದರು. "ಮುಂಚೆಯೇ ಹೀಗೆ ಹೇಳ್ಬಾರ್ದಾ ಮಾರಾಯ್ತಿ! ಅದು ಬೊಂಬಾಯಿ ಕಡೆಯ ಊರು ಅಂತ ನಾನು ಆರಾಮ ಕೂತಿದ್ದೆ."

ಅಧ್ಯಕ್ಷರು ಮುಖ ಒರೆಸಿಕೊಂಡು, "ಪಟ್ಟಿ ಮಾಡಿದ್ದು ಯಾರು?" ಎಂದರು. ನಾನು ಕೈ ಎತ್ತಿದೆ. ನಾಚಿಕೆಯಾಗಬೇಕಿತ್ತು, ಆಗಿದ್ದು ಮಾತ್ರ ಖುಷಿಯೇ. ಗ್ರೇಸಿ ಮುಂಬಯಿಗೆ ಹೋಗಲಿಲ್ಲ. ಎಂಬತ್ತರ ದಶಕವಿಡೀ ಅವಳು ಕೂಗಿದಳು, ಉಡುಪಿ ಎದ್ದಿತು. ಬಿಡುವಿದ್ದಾಗ ನನ್ನನ್ನು ಕೂರಿಸಿಕೊಂಡು ತುಳುವಿನಲ್ಲಿ ಉಡುಪಿ ಒಡಿಪು, ಕಾರ್ಕಳ ಕಾರ್ಲ ಎಂದು ಬಾಯಿಪಾಠ ಮಾಡಿಸಿದಳು. ನಾನು ತಪ್ಪಿದರೆ ಅವತ್ತಿನ ಚಹಾ ನನ್ನ ಖರ್ಚು.

ಅವಳೀಗ ಕಾಪುವಿನಲ್ಲಿದ್ದಾಳೆ. ನಿನ್ನೆ ರಟ್ಟನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ ಹುಡುಗ ಬಂದು, "ಓಡೆಗ್?" ಎಂದ, ಎಲ್ಲಿಗೆ ಎಂದು.

"ಕಾಪುಗು ಒಂಜಿ," ಕಾಪುವಿಗೆ ಒಂದು, ಎಂದೆ ನಾನೂ ತುಳುವಿನಲ್ಲೇ.

ಅವನು ಟಿಕೆಟ್ ಹರಿದು ಕೊಟ್ಟು, ನನ್ನ ಮುಖವನ್ನು ಎರಡನೆಯ ಸಲ ನೋಡದೆ ಮುಂದಿನ ಸೀಟಿಗೆ ಹೋದ.