ಹನಿಯಕ್ಕನ ಚಹಾ ಲೋಟ

ಕಿಟಕಿಗಿನ್ನೂ ಬೆಳಕು ಹತ್ತಿಲ್ಲ. ಕಣ್ಣಾಸ್ಪತ್ರೆಯ ವಾರ್ಡಿನಲ್ಲಿ, ನಿನ್ನೆ ಪೊರೆ ತೆಗೆಸಿಕೊಂಡವರು ಒಂದು ಕಣ್ಣಿಗೆ ಪಟ್ಟಿ ಹಾಕಿಕೊಂಡು ಮಗ್ಗುಲು ಬದಲಿಸುತ್ತಿದ್ದಾರೆ. ಕೆಟಲ್ ಹಿಡಿದು ಬರುತ್ತಾರೆ ಆಯಾ. ದಿನವಿಡೀ ಕಣ್ಣಿಗೆ ಹನಿ ಬಿಡುವ ಕೆಲಸವೂ ಇವರದೇ ಆದ್ದರಿಂದ ಎಲ್ಲರ ಬಾಯಲ್ಲಿ ಇವರು ಹನಿಯಕ್ಕ.

ಚಹಾ ಹಂಚುವುದು ನೆಪ. ಯಾರು ಲೋಟ ಮುಟ್ಟಲಿಲ್ಲ ಎಂಬುದರ ಮೇಲೆಯೇ ಅವರ ನಿಗಾ.

"ನೋವಿದೆಯಾ ಅಂತ ಕೇಳಿ, ಎಲ್ರೂ ಇಲ್ಲ ಅಂತಾರೆ. ಮನೆಗೆ ಹೋಗೋ ಆತುರ! ಬಾಯಿ ಸುಳ್ಳು ಹೇಳುತ್ತೆ, ಹೊಟ್ಟೆ ಹೇಳಲ್ಲ."

ಕಣ್ಣಿಗೂ ಹೊಟ್ಟೆಗೂ ಎಲ್ಲಿಯ ನಂಟು? ಇದೆಯಂತೆ. ಕಣ್ಣಿನೊಳಗೆ ಸದಾ ನೀರು ಹುಟ್ಟಿ ಹೊರಗೆ ಹರಿಯುತ್ತಿರುತ್ತದೆ. ಆಪರೇಷನ್ ಆದ ಮೇಲೆ ಕೆಲವರಲ್ಲಿ ಆ ಹರಿವಿಗೆ ತಡೆ ಬಿದ್ದು ಒತ್ತಡ ಏರುತ್ತದೆ. ಹಾಗಾದಾಗ ತಲೆ ಸಿಡಿಯುತ್ತದೆ, ಹೊಟ್ಟೆ ತೊಳಸುತ್ತದೆ, ಚಹಾದ ವಾಸನೆಯೂ ಬೇಡವಾಗುತ್ತದೆ. ನೀರು ಹುಟ್ಟುವುದನ್ನೇ ತಗ್ಗಿಸುವ ಹನಿಗಳಿವೆ. ಹೊತ್ತಿಗೆ ಸರಿಯಾಗಿ ಬಿಡಬೇಕು, ಅಷ್ಟೇ.

ಹನಿಯಕ್ಕನಿಗೆ ಇದನ್ನು ಕಲಿಸಿದ್ದು ಮನೆಯ ಸಂಕಟ. ಪೊರೆ ತೆಗೆಸಿಕೊಂಡ ಅವರ ಅತ್ತೆ ತಲೆನೋವನ್ನು ನುಂಗಿಕೊಂಡು, "ಕಾಣ್ತಾ ಇದೆಯಲ್ಲ, ಇನ್ನೇನು" ಎಂದು ಹನಿಯನ್ನು ಅರ್ಧಕ್ಕೇ ಬಿಟ್ಟರು. ಒತ್ತಡಕ್ಕೆ ಸಿಕ್ಕಿ ಕಣ್ಣಿನ ನರ ಬಾಡಿತು. ಹೋದ ದೃಷ್ಟಿ ಮರಳಲಿಲ್ಲ. ಅಂದಿನಿಂದ ಹನಿಯಕ್ಕ ಬಾಯಿಮಾತು ನಂಬದೆ ಲೋಟ ನೋಡುತ್ತಾರೆ.

ಆದರೆ ಇವರು ಚಾಪೆ ಕೆಳಗೆ ತೂರಿದರೆ ರೋಗಿಗಳು ರಂಗೋಲಿ ಕೆಳಗೆ ತೂರುವವರು. ಚಹಾ ಬಿಟ್ಟವರನ್ನು ಮನೆಗೆ ಬಿಡುವುದಿಲ್ಲ ಎಂಬ ಗುಟ್ಟು ವಾರ್ಡಿಗೆಲ್ಲ ಗೊತ್ತಾಗಿಬಿಟ್ಟಿದೆ. ಇವತ್ತು ಮೂಲೆ ಮಂಚದ ದರ್ಜಿ ತಾತ ಖಾಲಿ ಲೋಟ ಎತ್ತಿ ತೋರಿಸುತ್ತಾರೆ.

"ಕುಡಿದಾಯ್ತಮ್ಮ. ಹೊರಡ್ಲಾ? ಗಿರಾಕಿಗಳು ಕಾಯ್ತಿರ್ತಾರೆ."

ಹನಿಯಕ್ಕ ಅವರ ಪೊದೆ ಮೀಸೆಯನ್ನೇ ನೋಡುತ್ತಾರೆ. ನಿನ್ನೆ ಸಂಜೆ ಅದರಿಂದ ಚಹಾ ತೊಟ್ಟಿಕ್ಕುತ್ತಿತ್ತು.

"ತಾತ, ಲೋಟ ಖಾಲಿ. ಮೀಸೆ ಯಾಕೆ ಒಣಗಿದೆ?"

ಪಕ್ಕದಲ್ಲಿ ಕೂತ ಅಜ್ಜಿ, ತಾತನ ಹೆಂಡತಿ, ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುತ್ತಾರೆ. "ನಾನೇ ಕುಡಿದೆ ಕಣಮ್ಮ. ರಾತ್ರಿಯೆಲ್ಲ ತಲೆ ಹಿಡ್ಕೊಂಡು ನರಳಿದಾರೆ. ಯಾರಿಗೂ ಹೇಳ್ಬೇಡ ಅಂದ್ರು."

ನರ್ಸ್ ಬರುತ್ತಾರೆ, ಡಾಕ್ಟರು ಬರುತ್ತಾರೆ. ಒತ್ತಡ ಅಳೆದಾಗ ಚೆನ್ನಾಗಿಯೇ ಏರಿದೆ. ಮಾತ್ರೆ ಕೊಟ್ಟ ಮೇಲೆ ಹನಿಯಕ್ಕ ರೆಪ್ಪೆ ಇಳಿಸಿ ಹನಿ ಬಿಟ್ಟು, ಕಣ್ಣು ಮುಚ್ಚಿಸಿ, ಮೂಗಿನ ಬದಿಯ ಮೂಲೆಯನ್ನು ಬೆರಳಿನಿಂದ ಮೆತ್ತಗೆ ಒತ್ತಿ ಹಿಡಿಯುತ್ತಾರೆ. ಇಲ್ಲದಿದ್ದರೆ ಮದ್ದು ಗಂಟಲಿಗಿಳಿದು ಹೋಗುತ್ತದಂತೆ.

"ಸೂಜಿಗೆ ದಾರ ಪೋಣಿಸೋಕೆ ಆಗುತ್ತಾ?" ತಾತ ಮುಚ್ಚಿದ ಕಣ್ಣಲ್ಲೇ ಕೇಳುತ್ತಾರೆ.

"ಈ ಹನಿ ನಿಲ್ಲಿಸಬೇಡಿ, ಡಾಕ್ಟರು ಸಾಕು ಅನ್ನೋವರೆಗೂ."

ಮಧ್ಯಾಹ್ನದ ಹೊತ್ತಿಗೆ ಒತ್ತಡ ಇಳಿಯುತ್ತದೆ. ಕಣ್ಣು ಉಳಿಯಿತು ಎಂದು ಡಾಕ್ಟರು ಹೇಳಿದಾಗ ಅಜ್ಜಿ ಅತ್ತುಬಿಡುತ್ತಾರೆ. ತಾತ ಮಾತ್ರ ಚಹಾ ಎಲ್ಲಿ ಎಂದು ರೇಗುತ್ತಾರೆ.

ನಿಮಗೇನು ಆಸೆ ಎಂದು ಕೇಳಿದರೆ ಹನಿಯಕ್ಕ ಲೋಟ ತೊಳೆಯುತ್ತಲೇ ನಗುತ್ತಾರೆ. "ನನಗಾ? ದಿನಾ ಎಲ್ಲಾ ಲೋಟ ಖಾಲಿಯಾಗಿ ಬರ್ಲಿ." ಆಮೇಲೆ ಮೂಲೆ ಮಂಚದ ಕಡೆ ತಿರುಗುತ್ತಾರೆ. "ಮೀಸೇನೂ ಒದ್ದೆಯಾಗಿರ್ಲಿ."