ಹತ್ತನೆಯ ವಿದ್ಯಾರ್ಥಿನಿ

ಸಾಬಮ್ಮ, ನಿನಗೆ ಬಂದಿದ್ದ ನರ್ಸಿಂಗ್ ತರಬೇತಿಯ ಕಾಗದವನ್ನು ಮುಚ್ಚಿಟ್ಟವನು ನಾನು. ಅಂಚೆಯವನು ಕಳೆದಿರಲಿಲ್ಲ, ಪಟ್ಟಿಯಲ್ಲಿ ನಿನ್ನ ಹೆಸರು ಬಿಟ್ಟುಹೋಗಿರಲಿಲ್ಲ, ನಿನ್ನ ಹಣೆಬರಹವೂ ಅಡ್ಡ ಬಂದಿರಲಿಲ್ಲ. ಕಾಗದ ಬಂದಿತ್ತು — ನನ್ನ ಕೈಗೇ ಬಂದಿತ್ತು. ಇಪ್ಪತ್ತನಾಲ್ಕು ವರ್ಷ ಇದನ್ನು ಯಾರಿಗೂ ಹೇಳಿಲ್ಲ, ಹೆಂಡತಿಗೂ ಇಲ್ಲ. ಈಗ ಹೇಳುತ್ತಿರುವುದು ನಿನ್ನ ಸಲುವಾಗಿಯೋ ನನ್ನ ಸಲುವಾಗಿಯೋ ಎಂಬುದು ಇನ್ನೂ ಬಗೆಹರಿದಿಲ್ಲ. ಬರೆಯುತ್ತ ಹೋದರೆ ತಿಳಿದೀತು ಎಂದು ಕೂತಿದ್ದೇನೆ.

ಆಗ ನೀನು ವಾಡಿ ಜಂಕ್ಷನ್ನಿನ ಆಚೆ, ಕಲ್ಲಿನ ಖಣಿಯ ಪಕ್ಕದ ಜೋಪಡಿಯಿಂದ ಬೆಳಗಿನ ಪ್ಯಾಸೆಂಜರ್ ಹಿಡಿದು ಚಿತ್ತಾಪುರದ ನಮ್ಮ ಕಾಲೇಜಿಗೆ ಬರುತ್ತಿದ್ದೆ. ನಿನ್ನಪ್ಪ ಭೀಮಶಾ ಖಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಎಬ್ಬಿಸುತ್ತಿದ್ದ. ಖಣಿಯವರ ಜೋಪಡಿಗಳಿಗೆ ನಂಬರಿಲ್ಲ. ಇಲ್ಲಿ ಕಲ್ಲು ತೀರಿದರೆ ಅವು ಎದ್ದು ಇನ್ನೊಂದು ಖಣಿಗೆ ಹೋಗಿಬಿಡುತ್ತವೆ. ಅದಕ್ಕೇ ಅಲ್ಲಿಂದ ಬರುವ ಮಕ್ಕಳೆಲ್ಲ ಎಂಥ ಅರ್ಜಿ ಹಾಕಿದರೂ ಕಾಲೇಜಿನ ವಿಳಾಸ ಕೊಟ್ಟು, ಕೇರಾಫ್ ಎಂದು ಒಬ್ಬ ಮೇಷ್ಟರ ಹೆಸರು ಬರೆಯುವ ರೂಢಿ. ನೀನು ನನ್ನ ಹೆಸರು ಬರೆದೆ. ಕೇಳಿಯೇ ಬರೆದೆ. ನನಗೆ ಹೆಮ್ಮೆಯೂ ಆಗಿತ್ತು.

ನರ್ಸಿಂಗ್ ಕಾಗದ ಬರುವವರೆಗೆ ಮನೆಯಲ್ಲಿ ಕೂತೇನು ಮಾಡುವುದೆಂದು ಬಿ.ಎ.ಗೆ ಸೇರಿದವಳು ನೀನು. ತತ್ತ್ವಶಾಸ್ತ್ರ ತೆಗೆದುಕೊಂಡದ್ದು ಉಳಿದ ವಿಷಯಗಳು ತುಂಬಿದ್ದವೆಂದು. ನನ್ನ ವಿಷಯಕ್ಕೆ ಜನ ಬರುತ್ತಿದ್ದದ್ದೇ ಹಾಗೆ. ಅದರಲ್ಲಿ ಕನಿಷ್ಠ ಹತ್ತು ಜನ ಇರಬೇಕು, ಒಬ್ಬರು ಕಡಿಮೆಯಾದರೂ ವಿಭಾಗಕ್ಕೆ ಬೀಗ, ಮೇಷ್ಟರಿಗೆ ಚಿಂಚೋಳಿಗೋ ಇನ್ನೆಲ್ಲಿಗೋ ವರ್ಗ. ಆ ಜೂನ್ ತಿಂಗಳೆಲ್ಲ ದಂಡೋತಿ, ಗುಂಡಗುರ್ತಿ ಎಂದು ಪಿಯುಸಿ ಪಾಸಾದವರ ಮನೆಮನೆ ತಿರುಗಿ, ಬಳೆಗಾರನ ಹಾಗೆ ನನ್ನ ವಿಷಯವನ್ನು ಹೊಗಳಿ ಹೊಗಳಿ ಒಂಬತ್ತು ಜನರನ್ನು ಕೂಡಿಸಿದ್ದೆ. ಹತ್ತನೆಯವಳು ನೀನಾಗಿಯೇ ಬಂದೆ.

ಆಗಸ್ಟ್ ಕೊನೆಗೆ ಇಲಾಖೆಯವರು ಪ್ರತಿ ವಿಭಾಗದ ತಲೆ ಎಣಿಸುವವರಿದ್ದರು. ಅದಕ್ಕೂ ಹದಿನೈದು ದಿನ ಮೊದಲು ನಮ್ಮ ಗುಮಾಸ್ತರು ಒಂದು ಲಕೋಟೆ ತಂದು ಟೇಬಲ್ಲಿನ ಮೇಲಿಟ್ಟರು. "ನಿಮ್ಮ ಕ್ಲಾಸಿನ ಹುಡುಗಿದು ಅದ ನೋಡ್ರಿ ಸರ್, ಕೊಟ್ಟುಬಿಡ್ರಿ" ಎಂದರು. ಕೇರಾಫ್ ನನ್ನದೇ ಹೆಸರಲ್ಲವೇ ಎಂದು ಒಡೆದು ನೋಡಿದೆ. ನೀನು ಆಯ್ಕೆಯಾಗಿದ್ದೆ. ಹತ್ತು ದಿನದೊಳಗೆ ದಾಖಲೆ ತೆಗೆದುಕೊಂಡು ಕಲಬುರಗಿಗೆ ಹೋಗಬೇಕಿತ್ತು.

ನನ್ನ ಹೆಂಡತಿಗೆ ಆ ವರ್ಷವೇ ಚಿತ್ತಾಪುರದ ಶಾಲೆಗೆ ವರ್ಗವಾಗಿ, ಮದುವೆಯಾದ ಆರು ವರ್ಷಕ್ಕೆ ನಾವು ಒಂದೇ ಮನೆಯಲ್ಲಿ ಒಲೆ ಹೂಡಿದ್ದೆವು. ಇದನ್ನು ನೆವ ಮಾಡಿ ಬರೆಯುತ್ತಿಲ್ಲ — ಆ ಗಳಿಗೆಯಲ್ಲಿ ತಲೆಯಲ್ಲಿ ಇದ್ದದ್ದು ಇದೊಂದೇ ಎಂದು ಬರೆಯುತ್ತಿದ್ದೇನೆ. ನಾಳೆ ಕೊಟ್ಟರಾಯಿತು ಎಂದು ಲಕೋಟೆಯನ್ನು ಡ್ರಾಯರಿಗೆ ಹಾಕಿದೆ. ಮರುದಿನವೂ ನಾಳೆ ಎಂದೆ. ನಾನು ಕೊಡುವುದಿಲ್ಲ ಎಂದು ಯಾವತ್ತೂ ತೀರ್ಮಾನಿಸಲಿಲ್ಲ, ಸಾಬಮ್ಮ. ಕೆಟ್ಟ ಕೆಲಸಕ್ಕೆ ತೀರ್ಮಾನ ಬೇಕಾಗುವುದಿಲ್ಲ ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ಆ ವಾರ ನೀತಿಶಾಸ್ತ್ರದ ಪಾಠ. ಹಳೆಯ ನೋಟ್ಸ್ ಹಿಡಿದು ಬರೆಸುತ್ತಿದ್ದೆ: ಮನುಷ್ಯನನ್ನು ಇನ್ನೊಬ್ಬನ ಕೆಲಸಕ್ಕೆ ಬರುವ ಸಾಮಾನಿನಂತೆ ಕಾಣಬಾರದು. ನೀನು ಪೆನ್ನು ನಿಲ್ಲಿಸಿ ಕೇಳಿದೆ.

"ಸರ್, ಹಂಗಾದ್ರ ಖಣಿ ಮಾಲಕರು ನಮ್ಮಪ್ಪನ್ನ ಏನಂತ ಕಾಣ್ತಾರ್ರಿ?"

"ಅದು ಪರೀಕ್ಷಾದಾಗ ಬರಂಗಿಲ್ಲವ್ವ, ಮುಂದ ಬರಕೋ" ಅಂದೆ. ತರಗತಿ ನಕ್ಕಿತು. ಪಾಠ ಮುಗಿದ ಮೇಲೆ ನೀನು ಬಾಗಿಲ ಹತ್ತಿರ ನಿಂತು, ದಿನಾ ಕೇಳುತ್ತಿದ್ದದ್ದನ್ನೇ ಆವತ್ತೂ ಕೇಳಿದೆ.

"ನಂದು ಏನರ ಕಾಗದ ಬಂದದೇನ್ರಿ ಸರ್?"

"ಇಲ್ಲವ್ವ. ಬಂದ್ರ ನಿನಗ ಕೊಡಲ್ದ ನಾ ಇಟ್ಕೊಂಡು ಏನು ಮಾಡ್ಲಿ?"

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು ನನ್ನ ಮಾತು. ಆದರೆ ನನ್ನ ಹೆಗಲು ನೋಡುವ ಬುದ್ಧಿ ನಿನಗೆಲ್ಲಿಂದ ಬರಬೇಕು? ನೀನು ನನ್ನನ್ನು ನಂಬಿದ್ದೆ.

ಆ ಹತ್ತು ದಿನದ ಅವಧಿ ಮುಗಿದ ಮೇಲೆ ಕಾಗದವನ್ನು ಹರಿದು ಕಾಲೇಜಿನ ಹಿಂದಿನ ಹಾಳುಬಾವಿಗೆ ಹಾಕಿದೆ. ಪಕ್ಕದ ಊರಿನ ಹುಡುಗಿ ನರ್ಸಿಂಗ್ ಸೇರಿದ ಸುದ್ದಿ ಕೇಳಿ ನೀನು ಎರಡು ದಿನ ಕ್ಲಾಸಿಗೆ ಬರಲಿಲ್ಲ. ಮೂರನೆಯ ದಿನ ಬಂದು, "ಹೋಗ್ಲಿ ಬಿಡ್ರಿ ಸರ್, ನನ್ನ ನಸೀಬದಾಗ ಇದ್ದಿಲ್ಲ" ಎಂದೆ. ಆಗ ನಾನು ಮಾಡಿದ ಭಾಷಣ ನೆನೆದರೆ ಇವತ್ತಿಗೂ ಮೈ ಕುಗ್ಗುತ್ತದೆ. ನೌಕರಿ ಹೊಟ್ಟೆ ತುಂಬಿಸುತ್ತದೆ, ಈ ವಿದ್ಯೆ ಬಾಳುವುದನ್ನು ಕಲಿಸುತ್ತದೆ, ಮನುಷ್ಯನನ್ನು ಮನುಷ್ಯನನ್ನಾಗಿ ಮಾಡುತ್ತದೆ — ಹೀಗೆ. ಅದರಲ್ಲಿ ಒಂದು ಮಾತನ್ನೂ ನಾನು ನಂಬಿರಲಿಲ್ಲ. ನಂಬಿದ್ದರೆ ಮುಂದೆ ನನ್ನ ಮಗಳನ್ನು ಸೈನ್ಸಿಗೆ ಹಾಕುತ್ತಿದ್ದೆನೇ? ಹೇಳುವುದು ಶಾಸ್ತ್ರ, ಹಾಕುವುದು ಗಾಳ ಎನ್ನುತ್ತಾರಲ್ಲ, ಆ ಗಾದೆಯನ್ನು ನನ್ನನ್ನು ಎದುರಿಗೆ ಕೂಡಿಸಿಕೊಂಡೇ ಕಟ್ಟಿರಬೇಕು.

ನೀನು ಬಿ.ಎ. ಮುಗಿಸಿದೆ. ಆ ಡಿಗ್ರಿ ನಿನಗೆ ಯಾವ ನೌಕರಿಯನ್ನೂ ಕೊಡಲಿಲ್ಲ. ಮದುವೆಯಾಗಿ ಶಹಾಬಾದಿಗೆ ಹೋದೆ, ಕಲ್ಲಿನ ಪಾಲಿಶ್ ಮಷಿನ್ನಿನ ಮುಂದೆ ನಿಂತೆ. ನಾನು ಚಿತ್ತಾಪುರದಲ್ಲೇ ಉಳಿದೆ. ಅಷ್ಟೇ ಆಗಿದ್ದರೆ ಇದು ಸರಳವಾದ ಪಾಪವಾಗಿರುತ್ತಿತ್ತು, ಹೊತ್ತುಕೊಂಡೇ ಸಾಯುತ್ತಿದ್ದೆನೇನೋ.

ಆದರೆ ಹೋದ ವಾರ ನೀನು ಮಗಳು ಭಾಗ್ಯಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದೆ. ಅಪ್ಪ ತೀರಿಕೊಂಡ ಸುದ್ದಿ ಹೇಳಿದೆ. ನಾನು ಸಂದರ್ಭಕ್ಕೆ ತಕ್ಕಂತೆ ಎರಡು ಮಾತು ಹೇಳಲು ಬಾಯಿ ತೆರೆದೆ, ನೀನು ಬಿಡಲಿಲ್ಲ.

"ಕಲ್ಲಿನ ಧೂಳ ಎದ್ಯಾಗ ಕುಂತಿತ್ರಿ ಸರ್. ಭಾಳ ವರ್ಷದ ಕೆಮ್ಮು, ಬೀಡಿದು ಅಂತ ತಿಳ್ಕೊಂಡಿದ್ವಿ. ಕಡೀಕ ಡಾಕ್ಟರ್ ಸೋಲಾಪುರಕ್ಕ ಒಯ್ರಿ ಅಂದ್ರು. ಕಾಕಾ ಒಯ್ಯೋಣು ಅಂದ, ಅಣ್ಣ ಬ್ಯಾಡ ಅಂದ. ಎಲ್ಲಾರೂ ದವಾಖಾನ್ಯಾಗ ಕಾಟಿನ ಸುತ್ತ ನಿಂತು ಜಗಳ ಮಾಡ್ಲಿಕತ್ತಿದ್ರು. ಅಪ್ಪನ ಮಾರಿ ಯಾರೂ ನೋಡವಲ್ರು. ಆವಾಗ ನೀವು ಬರ್ಸಿದ್ದು ನೆನಪಾತ್ರಿ, ಮನುಷ್ಯಾ ಅಂದ್ರ ಸಾಮಾನ ಅಲ್ಲ ಅಂತ. ನಾ ಬಗ್ಗಿ ಕೇಳ್ದೆ, ಯಪ್ಪಾ, ನಿನಗೇನು ಬೇಕು ಅಂತ. ಅವಂಗ ಹುಟ್ಟಿದಾಗಿಂದ ಯಾರೂ ಹಂಗ ಕೇಳಿದ್ದಿಲ್ಲಂತ್ರಿ."

ನೀನೇ ಮುಂದುವರಿಸಿದೆ. "ಮನೀಗಿ ಒಯ್ಯಿ ಅಂದ. ಹನ್ನೊಂದು ದಿನ ಇದ್ದ. ಬಾಯಿ ತುಂಬ ಮಾತಾಡ್ದ. ಸಣ್ಣಾಂವ ಇದ್ದಾಗ ಸಾಲಿ ಬಿಟ್ಟು ಅತ್ತಿದ್ದು, ಅವ್ವನ್ನ ಮೊದ್ಲ ನೋಡಿದ್ದು, ಎಲ್ಲಾ. ಆ ಹನ್ನೊಂದು ದಿನ ನೀವು ಕೊಟ್ಟಿದ್ದು ಅಂತ ತಿಳ್ಕೊಂಡೀನ್ರಿ. ನರ್ಸ್ ಆಗಿದ್ರ ಇದೆಲ್ಲ ಯಾರು ಕಲಸ್ತಿದ್ರು ನನಗ?"

ನರ್ಸ್ ಆಗಿದ್ದರೆ, ಸಾಬಮ್ಮ — ಆ ಕೆಮ್ಮು ಬೀಡಿಯದಲ್ಲ ಎಂದು ಹತ್ತು ವರ್ಷ ಮೊದಲೇ ನಿನಗೆ ಗೊತ್ತಾಗುತ್ತಿತ್ತೋ ಏನೋ. ಅಪ್ಪನನ್ನು ಖಣಿಯಿಂದ ಬಿಡಿಸುತ್ತಿದ್ದೆಯೋ ಏನೋ. ನೀನು ನನಗೆ ಕೈಮುಗಿಯುತ್ತಿದ್ದ ಹೊತ್ತಿನಲ್ಲಿ ನಾನು ಮನಸ್ಸಿನಲ್ಲಿ ಆ ವರ್ಷಗಳನ್ನು ಲೆಕ್ಕ ಹಾಕುತ್ತಿದ್ದೆ.

ಆಮೇಲೆ ನೀನು ಬಂದ ಕೆಲಸ ಹೇಳಿದೆ. ಭಾಗ್ಯಳಿಗೆ ಸೇಡಂನಲ್ಲಿ ಲ್ಯಾಬ್ ಟೆಕ್ನೀಷಿಯನ್ ಕೋರ್ಸಿಗೆ ಸೀಟು ಸಿಗುವುದಿದೆ. ಆದರೆ ನಿನಗೆ ಅವಳು ನನ್ನ ಕೈಯಲ್ಲೇ ಕಲಿಯಬೇಕು. "ನಂಗ ಲ್ಯಾಬ್ ಕೋರ್ಸ್ ಮಾಡೋದದರಿ" ಎಂದು ಹುಡುಗಿ ನೆಲ ನೋಡುತ್ತ ಅಂದಳು. ನೀನು ಅವಳನ್ನು ಸುಮ್ಮನಿರಿಸಿ, "ನೀವು ಹೇಳ್ರಿ ಸರ್, ನಿಮ್ಮ ಮಾತು ನಾ ಮೀರಂಗಿಲ್ಲ" ಎಂದೆ. ವಿಚಾರ ಮಾಡಿ ಹೇಳುತ್ತೇನೆ ಎಂದು ಕಳಿಸಿದೆ.

ಈ ವರ್ಷವೂ ನನ್ನ ವಿಭಾಗಕ್ಕೆ ಒಂಬತ್ತು ಜನ ಬಂದಿದ್ದಾರೆ. ನನ್ನ ನಿವೃತ್ತಿಗೆ ಇನ್ನೆರಡು ವರ್ಷ. ದೇವರು ಇದ್ದಾನೋ ಇಲ್ಲವೋ ಎಂದು ಮೂವತ್ತು ವರ್ಷ ಎರಡೂ ಕಡೆಯ ವಾದ ಬರೆಸಿದ್ದೇನೆ. ಇದ್ದರೆ ಭಾಳ ಚೇಷ್ಟೆಯವನು.

ಏಳು ದಿನದಿಂದ ತಲೆ ಕೆಟ್ಟಿದೆ. ನಾನು ಸುಳ್ಳೆಂದು ತಿಳಿದು ಹೇಳಿದ್ದು ನಿನ್ನ ಬಾಳಿನಲ್ಲಿ ಖರೆಯಾಯಿತು. ಹಾಗಾದರೆ ಅದು ಸುಳ್ಳೋ ಖರೆಯೋ? ಬಾಯಿಪಾಠ ಹೇಳಿದವನಿಗೆ ಏನೂ ಹತ್ತದೆ, ಬರೆದುಕೊಂಡವಳಿಗೆ ಎಲ್ಲ ಹತ್ತಿತಲ್ಲ — ಇದು ಯಾವ ನ್ಯಾಯ? ಆ ಪಾಠವನ್ನು ಈಗ ಮತ್ತೆ ಓದಿದೆ, ನನ್ನದೇ ಅಕ್ಷರದಲ್ಲಿ. ನಿನ್ನ ಆ ಪ್ರಶ್ನೆಗೆ ಉತ್ತರ ಹುಡುಕಿದೆ. ಖಣಿ ಮಾಲಕರು ನಿನ್ನಪ್ಪನನ್ನು ಹೇಗೆ ಕಂಡರೋ ನಾನೂ ನಿನ್ನನ್ನು ಹಾಗೇ ಕಂಡೆ — ಹತ್ತು ತುಂಬಿಸುವ ಒಂದು ತಲೆ ಎಂದು. ಅಷ್ಟು ಮಾತ್ರ ಸ್ಪಷ್ಟವಿದೆ, ಉಳಿದದ್ದೆಲ್ಲ ಮಬ್ಬು.

ಭಾಗ್ಯಳನ್ನು ಕಳಿಸು ಎಂದರೆ ಮತ್ತೆ ಹತ್ತು ತುಂಬಿಸಿಕೊಂಡಂತೆ. ಲ್ಯಾಬ್ ಕೋರ್ಸಿಗೇ ಹಾಕು, ಈ ವಿದ್ಯೆಯಲ್ಲಿ ಏನೂ ಇಲ್ಲ ಎಂದರೆ ನಿನ್ನಪ್ಪನ ಹನ್ನೊಂದು ದಿನಕ್ಕೆ ಉಗುಳಿದಂತೆ. ಎರಡಕ್ಕೂ ನನ್ನ ನಾಲಿಗೆ ಏಳುವುದಿಲ್ಲ. ನಿನ್ನ ಮಗಳ ಬಾಳಿನ ವಿಷಯದಲ್ಲಿ ನನ್ನ ಮಾತಿಗೆ ಬೆಲೆ ಕೊಡಬೇಡ — ಯಾಕೆ ಕೊಡಬಾರದು ಎಂಬುದು ನಿನಗೆ ತಿಳಿಯಬೇಕು. ಅದಕ್ಕೇ ಇಷ್ಟು ಬರೆದೆ.

ಭಾನುವಾರ ಶಹಾಬಾದಿಗೆ ಬರುತ್ತೇನೆ. ಭಾಗ್ಯ ಎದುರಿಗಿರುವಾಗಲೇ ಇದನ್ನು ನಿನ್ನ ಕೈಗೆ ಕೊಟ್ಟು, ನೀನು ಓದಿ ಮುಗಿಸುವ ತನಕ ಕೂತಿರುತ್ತೇನೆ. ಬೈದರೆ ಕೇಳುತ್ತೇನೆ, ಎದ್ದು ನಡೀರಿ ಎಂದರೆ ನಡೆಯುತ್ತೇನೆ. ಅದಕ್ಕೆಲ್ಲ ಮನಸ್ಸು ಗಟ್ಟಿ ಮಾಡಿಕೊಂಡಿದ್ದೇನೆ. ಆದರೆ ನಿನ್ನ ಸ್ವಭಾವ ನನಗೆ ಗೊತ್ತು. ಕಾಗದ ಮಡಚಿಟ್ಟು, "ಇರ್ಲಿ ಬಿಡ್ರಿ ಸರ್, ಚಹಾ ಕುಡೀರಿ" ಎಂದುಬಿಟ್ಟರೆ — ಆ ಕಪ್ಪನ್ನು ಹೇಗೆ ಹಿಡಿದುಕೊಳ್ಳಬೇಕೋ ನನಗೆ ತಿಳಿಯುತ್ತಿಲ್ಲ.